ಕೀಮೋ ಮುಗಿದ ಮೇಲೆ ಮತ್ತೆ ಬಂದ ಕ್ಯಾನ್ಸರ್: ನನ್ನ ಎರಡನೇ ಸುತ್ತು

ಮೊದಲನೇ ಸಲದ ಕೀಮೋ ಮುಗಿದಾಗ ಮನೆಯವರಿಗೆಲ್ಲ ಒಂದು ಮಾತು ಹೇಳಿದ್ದೆ. "ಇದು ಇನ್ನೊಂದು ಸಲ ಬಂದರೆ ನಾನು ಕೀಮೋ ತಗೊಳ್ಳಲ್ಲ, ಯಾರೂ ಬಲವಂತ ಮಾಡಬೇಡಿ." ಕೋಪದಲ್ಲಿ ಬಂದ ಮಾತಲ್ಲ. ಯೋಚನೆ ಮಾಡಿಯೇ ಹೇಳಿದ್ದೆ. ಒಂದೂವರೆ ವರ್ಷ ಕಳೆಯಿತು, ಕ್ಯಾನ್ಸರ್ ಮತ್ತೆ ಬಂತು, ಕೀಮೋನೂ ತಗೊಂಡೆ. ಆ ಮಾತಿನಿಂದ ಈ ಒಪ್ಪಿಗೆಗೆ ಹೇಗೆ ಬಂದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಅಂಡಾಶಯದ ಕ್ಯಾನ್ಸರ್. ಸಿಕ್ಕಾಗಲೇ ಮೂರನೇ ಹಂತ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸೋದು, ಇಷ್ಟೇ ಲಕ್ಷಣ. ಗ್ಯಾಸ್ ಇರಬೇಕು, ವಯಸ್ಸಾಗ್ತಾ ಬಂತು ಅಂದುಕೊಂಡು ತಿಂಗಳುಗಳು ಕಳೆದುಹೋಗುತ್ತವೆ. ತುಂಬಾ ಜನಕ್ಕೆ ಹೀಗೇ ಆಗುತ್ತೆ.

ಚಿಕಿತ್ಸೆ ಎಲ್ಲ ಕಡೆ ಕೊಡುವ ಕೀಮೋ ಔಷಧಿಗಳ ಜೋಡಿಯೇ: ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, 21 ದಿನಕ್ಕೊಂದು ಸಲ. ಮೂರು ಸೈಕಲ್ ಆದ ಮೇಲೆ ಆಪರೇಷನ್, ಆಮೇಲೆ ಇನ್ನು ಮೂರು. ಕೂದಲು ಹೋಗುತ್ತೆ ಅಂತ ಎಲ್ಲರೂ ಹೇಳಿದ್ದರು, ಅದಕ್ಕೆ ತಯಾರಾಗಿದ್ದೆ. ಕಾಲಿನ ಬಗ್ಗೆ ಯಾರೂ ಒತ್ತಿ ಹೇಳಿರಲಿಲ್ಲ. ನಾಲ್ಕನೇ ಸೈಕಲ್ ಹೊತ್ತಿಗೆ ಪಾದಕ್ಕೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಒಂದು ದಿನ ವರಾಂಡದಲ್ಲಿ ನಡೆದು ಬಂದು ಕೂತಾಗ ಮಗಳು ಕೇಳಿದಳು, "ಅಮ್ಮಾ, ಇನ್ನೊಂದು ಚಪ್ಪಲಿ ಎಲ್ಲಿ?" ಅದು ಅರ್ಧ ದಾರಿಯಲ್ಲೇ ಬಿದ್ದಿತ್ತು. ಕಾಲಿಂದ ಕಳಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಬ್ಲೌಸಿನ ಹುಕ್ಕು ಹಾಕೋದಕ್ಕೂ ಇನ್ನೊಬ್ಬರು ಬೇಕಾಯಿತು. ಮಧ್ಯದಲ್ಲಿ ಬಿಳಿ ರಕ್ತಕಣ ಕೆಳಗಿಳಿದು, ಜ್ವರ ಬಂದು, ರಾತ್ರೋರಾತ್ರಿ ಆಸ್ಪತ್ರೆ ಸೇರಿದ್ದೂ ಆಯಿತು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಇದನ್ನ ಮಾತ್ರ ನಮಗೆ ಸರಿಯಾಗಿ ಹೇಳಿಕೊಟ್ಟಿದ್ದರು, ಅದರಿಂದಲೇ ಉಳಿದೆ.

ಚಿಕಿತ್ಸೆ ಮುಗಿದಾಗ ಸ್ಕ್ಯಾನ್ ಸ್ವಚ್ಛವಾಗಿತ್ತು. ಈ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ಅನ್ನೋ ರಕ್ತಪರೀಕ್ಷೆಯಲ್ಲಿ 11 ಬಂದಿತ್ತು. 35ರ ಒಳಗಿದ್ದರೆ ಸರಿ ಅನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಟ್ಟು ಬರೋದು, ರಿಪೋರ್ಟ್ ಬರೋವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡದೇ ಇರೋದು. ಆಮೇಲೆ ನಂಬರು ಮೇಲಕ್ಕೆ ಹೋಗಲು ಶುರುವಾಯಿತು. 14, 19, 31. ರಿಪೋರ್ಟಿನಲ್ಲಿ ಕೆಂಪು ಗುರುತು ಇಲ್ಲ, ಎಲ್ಲವೂ 'ನಾರ್ಮಲ್'. ನನ್ನ ಯಜಮಾನರು ಅದನ್ನೇ ಹಿಡಿದುಕೊಂಡು "ನೋಡು, 35ರ ಒಳಗೇ ಇದೆ" ಅಂತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಒಂದು ನಂಬರಿಗಿಂತ ಅದು ಹೋಗ್ತಿರೋ ದಿಕ್ಕು ಮುಖ್ಯ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅದರ ಮುಂದಿನ ಸಲ 88 ಬಂತು.

ಆಗ ನನಗೆ ಬಂದದ್ದು ಭಯ ಅಲ್ಲ, ಸಿಟ್ಟು. ಅಷ್ಟೆಲ್ಲ ಅನುಭವಿಸಿದ್ದು ದಂಡವಾಯಿತಾ? ಕಾಲಿನ ಜೋಮು ಇನ್ನೂ ಹೋಗಿಲ್ಲ, ಅಷ್ಟರಲ್ಲಿ ಕಾಯಿಲೆ ವಾಪಸ್ ಬಂತಲ್ಲ. ಸಿಟ್ಟು ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಡಾಕ್ಟರ್ ಹತ್ತಿರ ಇದನ್ನೇ ಕೇಳಿದೆ. ಅವರು ಹೇಳಿದ್ದನ್ನ ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಒಂದು ಸೆಂಟಿಮೀಟರ್ ಗಾತ್ರದ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶ ಇರುತ್ತವೆ. ಒಂದು ಮಿಲಿಮೀಟರ್ ಇದ್ದರೂ ಹತ್ತು ಲಕ್ಷದ ಆಸುಪಾಸು. ಸ್ಕ್ಯಾನಿನ ಕಣ್ಣಿಗೆ ಅಷ್ಟು ಚಿಕ್ಕದು ಬೀಳೋದಿಲ್ಲ. ಹಾಗಾಗಿ 'ಸ್ವಚ್ಛ' ಅಂದರೆ ಕಾಣುವಂಥದ್ದು ಏನೂ ಇಲ್ಲ ಅಂತ ಅರ್ಥ. ಕೀಮೋ ಹೆಚ್ಚಾಗಿ ಕೊಲ್ಲೋದು ಬೇಗ ಬೇಗ ಒಡೆದು ಬೆಳೆಯೋ ಜೀವಕೋಶಗಳನ್ನ. ಆ ಹೊತ್ತಿಗೆ ಬೆಳೆಯದೆ ತೆಪ್ಪಗೆ ಕೂತಿದ್ದ ಕೆಲವು ತಪ್ಪಿಸಿಕೊಳ್ಳುತ್ತವೆ. ತಡವಾಗಿ ಸಿಕ್ಕ ಅಂಡಾಶಯದ ಕ್ಯಾನ್ಸರ್ ಹತ್ತು ಜನರಲ್ಲಿ ಏಳು ಜನಕ್ಕಾದರೂ ವಾಪಸ್ ಬರುತ್ತದಂತೆ. ಈ ಲೆಕ್ಕವನ್ನ ಮೊದಲೇ ಯಾಕೆ ಹೇಳಲಿಲ್ಲ ಅಂತ ಜಗಳಕ್ಕೆ ನಿಂತೆ. "ಹೇಳಿದ್ದೆ, ನೀವು ಕೇಳಿಸಿಕೊಳ್ಳೋ ಸ್ಥಿತಿಯಲ್ಲಿ ಇರಲಿಲ್ಲ" ಅಂದರು. ಇರಬಹುದು.

ಇದು ಗೊತ್ತಾದದ್ದರಿಂದ ಒಂದು ಉಪಕಾರ ಆಯಿತು. ನೋಡೋಕೆ ಬಂದವರು "ಊಟ ತಿಂಡಿಯಲ್ಲಿ ಏನಾದ್ರೂ ಹೆಚ್ಚುಕಡಿಮೆ ಆಯ್ತಾ?", "ಟೆನ್ಷನ್ ಮಾಡ್ಕೊಂಡ್ಯಾ?", "ಸಕ್ಕರೆ ಬಿಟ್ಟಿರಲಿಲ್ವಾ?" ಅಂತ ಕೇಳುವಾಗ ಮೊದಲಾಗಿದ್ದರೆ ರಾತ್ರಿ ಎಲ್ಲ ಅದನ್ನೇ ಮೆಲುಕು ಹಾಕುತ್ತಿದ್ದೆ. ಈಗ "ಇಲ್ಲ" ಅಂತ ಹೇಳಿ ಬೇರೆ ಮಾತು ತೆಗೆಯುತ್ತೇನೆ. "ಒಂದು ಸಲ ಗೆದ್ದಿದ್ದೀಯ, ಈ ಸಲಾನೂ ಗೆಲ್ತೀಯ" ಅನ್ನುವವರು ಇನ್ನೊಂದು ಪಂಗಡ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಆ ಲೆಕ್ಕದಲ್ಲಿ ಸತ್ತವರೆಲ್ಲ ಸರಿಯಾಗಿ ಹೋರಾಡದವರು ಅಂತಾಗುತ್ತೆ ಅಲ್ವಾ? ಮೊದಲ ಸಲ ನನ್ನ ಪಕ್ಕದ ಬೆಡ್ಡಿನಲ್ಲಿ ಇದ್ದವರು ನನಗಿಂತ ನೂರು ಪಾಲು ಗಟ್ಟಿ ಹೆಂಗಸು. ಅವರು ಈಗ ಇಲ್ಲ.

ಇನ್ನು ಇದೆಲ್ಲದರಲ್ಲಿ ನನಗೆ ಕಷ್ಟವಾದ ಭಾಗಕ್ಕೆ ಬರುತ್ತೇನೆ. ಅದು ಕೀಮೋ ಅಲ್ಲ, ಅದಕ್ಕೆ ಮುಂಚಿನ ಕಾಯುವಿಕೆ.

88 ಬಂದ ತಕ್ಷಣ ನಾಳೆಯೇ ಡ್ರಿಪ್ ಹಾಕುತ್ತಾರೆ ಅಂತ ನಾವು ಬ್ಯಾಗ್ ತುಂಬಿಕೊಂಡೇ ಹೋಗಿದ್ದೆವು. ಸಿಟಿ ಸ್ಕ್ಯಾನ್ ಮಾಡಿಸಿದರು. ಹೊಟ್ಟೆಯ ಪರದೆಯ ಮೇಲೆ ಅಲ್ಲಲ್ಲಿ ಚಿಕ್ಕ ಚಿಕ್ಕ ಚುಕ್ಕೆ. ಒಂದೇ ಕಡೆ ಇದ್ದಿದ್ದರೆ, ಪೂರ್ತಿ ತೆಗೆಯೋಕೆ ಆಗುವ ಹಾಗಿದ್ದರೆ, ಎರಡನೇ ಆಪರೇಷನ್ ಬಗ್ಗೆ ಯೋಚಿಸಬಹುದಿತ್ತಂತೆ. ನನಗೆ ಆ ಅವಕಾಶ ಇರಲಿಲ್ಲ. ಡಾಕ್ಟರ್ ಕೇಳಿದರು, "ಈಗ ನಿಮಗೆ ಏನಾದ್ರೂ ತೊಂದರೆ ಇದೆಯಾ? ನೋವು, ಉಬ್ಬರ, ಊಟ ಸೇರದೇ ಇರೋದು?" ಇಲ್ಲ ಅಂದೆ. "ಹಾಗಾದ್ರೆ ಸ್ವಲ್ಪ ಕಾಯೋಣ" ಅಂದರು.

ಯಜಮಾನರಿಗೆ ತಡೆಯಲಾಗಲಿಲ್ಲ. "ಒಳಗೆ ಬೆಳೀತಾ ಇದೆ ಅಂತ ಗೊತ್ತಿದ್ದೂ ಸುಮ್ನೆ ಕೂರೋದಾ ಡಾಕ್ಟ್ರೇ?"

ಅದಕ್ಕೆ ಅವರು ಬ್ರಿಟನ್ ಮತ್ತು ಯುರೋಪಿನಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಹೇಳಿದರು. 2010ರಲ್ಲಿ ಪ್ರಕಟವಾದದ್ದು. ನನ್ನ ಹಾಗೇ ಸಿಎ-125 ಏರಿದ 500ಕ್ಕೂ ಹೆಚ್ಚು ಹೆಂಗಸರನ್ನ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ನಂಬರು ಏರಿದ ತಕ್ಷಣ ಕೀಮೋ, ಇನ್ನೊಂದು ಗುಂಪಿಗೆ ಲಕ್ಷಣ ಶುರುವಾದ ಮೇಲೆ. ಮೊದಲ ಗುಂಪಿನವರಿಗೆ ಸುಮಾರು ಐದು ತಿಂಗಳು ಮುಂಚೆಯೇ ಕೀಮೋ ಶುರುವಾಯಿತು. ಬದುಕಿದ ಕಾಲದಲ್ಲಿ ಮಾತ್ರ ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ. ಬೇಗ ಶುರು ಮಾಡಿದವರು ಬೇಗ ಸುಸ್ತಾದರು, ಅಷ್ಟೇ. "ಆಮೇಲೆ ಹೊಸ ಔಷಧಿಗಳು ಬಂದಿವೆ, ಎಲ್ಲರಿಗೂ ಇದೇ ನಿಯಮ ಅಂತ ನಾನು ಹೇಳಲ್ಲ. ನಿಮ್ಮ ವಿಷಯದಲ್ಲಿ ಆ ಒಳ್ಳೇ ತಿಂಗಳುಗಳನ್ನ ಕಿತ್ತುಕೊಳ್ಳೋಕೆ ನನಗೆ ಕಾರಣ ಕಾಣ್ತಿಲ್ಲ" ಅಂದರು.

ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ಕೇಳಿದೆವು. ಇದನ್ನ ನಮ್ಮ ಡಾಕ್ಟರಿಗೆ ಹೇಳೋಕೆ ನನಗೆ ಸಂಕೋಚ. ಅವರೇ ಫೈಲ್ ಕೊಟ್ಟು ಕಳಿಸಿದರು. ಎರಡನೆಯವರೂ ಹೆಚ್ಚೂಕಡಿಮೆ ಅದನ್ನೇ ಹೇಳಿದರು.

ಕಾಯೋದು ಅಂದರೆ ಹೇಗಿತ್ತು? ಮೊದಲ ಕೆಲವು ವಾರ ಹೊಟ್ಟೆ ಮುಟ್ಟಿಕೊಂಡು ನೋಡೋದೇ ಕೆಲಸ. ಬಾತ್‌ರೂಮಿನ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಉಬ್ಬಿದೆಯಾ ಅಂತ ಅಳೆಯೋದು. ಅಕ್ಕಪಕ್ಕದವರಿಗೆ, ಆಫೀಸಿನವರಿಗೆ ವಿವರಿಸೋದು ಇನ್ನೂ ಕಷ್ಟ. "ಕ್ಯಾನ್ಸರ್ ವಾಪಸ್ ಬಂದಿದೆ, ಆದ್ರೆ ಸದ್ಯಕ್ಕೆ ಏನೂ ಟ್ರೀಟ್‌ಮೆಂಟ್ ಇಲ್ಲ" ಅಂದರೆ ಅವರ ಮುಖ ಸಪ್ಪಗಾಗಿಬಿಡುತ್ತದೆ. ಡಾಕ್ಟರ್ ಕೈಬಿಟ್ಟಿದ್ದಾರೆ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲಾಮೇಲೆ ಆ ದಿನಗಳು ಮಾಮೂಲಾದವು. ಕೆಲಸಕ್ಕೆ ಹೋದೆ. ಮಗಳ ಜೊತೆ ಕಾರಣವೇ ಇಲ್ಲದೆ ಜಗಳ ಆಡಿದೆ. ಕೂದಲು ಬಾಚಿ ಜಡೆ ಹಾಕುವಷ್ಟು ಬೆಳೆದಿತ್ತು, ಹಾಕಿದೆ. ಸುಮಾರು ನಾಲ್ಕು ತಿಂಗಳು ಹಾಗೆ ಸಿಕ್ಕಿತು. ನನ್ನನ್ನ ಕೇಳಿದರೆ ಈ ಕಾಯಿಲೆ ಶುರುವಾದ ಮೇಲೆ ಅದಕ್ಕಿಂತ ಚೆನ್ನಾಗಿದ್ದ ನಾಲ್ಕು ತಿಂಗಳು ಬೇರೆ ಇಲ್ಲ.

ಒಂದು ದಿನ ಊಟಕ್ಕೆ ಕೂತರೆ ಎರಡನೇ ತುತ್ತು ಇಳಿಯಲಿಲ್ಲ. ಯಜಮಾನರು ನನ್ನ ತಟ್ಟೆ ನೋಡಿದರು. ಇಬ್ಬರೂ ಮಾತಾಡಲಿಲ್ಲ.

ಡಾಕ್ಟರ್ ಮುಂದೆ ಕೂತು ನಾನು ಮೊದಲು ಕೇಳಿದ ಪ್ರಶ್ನೆ, "ಇದು ಗುಣ ಆಗುತ್ತಾ?" ಮೊದಲ ಸಲ ಈ ಪ್ರಶ್ನೆ ಕೇಳೋ ಧೈರ್ಯವೇ ಇರಲಿಲ್ಲ. ಅವರು ಪೆನ್ನು ಕೆಳಗಿಟ್ಟರು. "ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಹತೋಟಿಯಲ್ಲಿ ಇಡಬಹುದು. ಕೆಲವರಿಗೆ ತುಂಬಾ ಕಾಲ ಇಡಬಹುದು." ಬೇರೆಯವರ ಬಾಯಿಂದ ಕೇಳಿದ್ದರೆ ಕುಸಿದುಹೋಗುತ್ತಿದ್ದೆನೋ ಏನೋ. ಅವತ್ತು ಮಾತ್ರ ಭುಜದ ಮೇಲಿಂದ ಏನೋ ಇಳಿದಂತಾಯಿತು. ಗುರಿ ಏನು ಅಂತ ಗೊತ್ತಾದ ಮೇಲೆ ಉಳಿದದ್ದನ್ನ ಮಾತಾಡೋಕೆ ದಾರಿ ಆಯಿತು. ಗುಣವಾಗೋಕೆ ಅಂದರೆ ಎಂಥ ಕಷ್ಟವನ್ನೂ ಸಹಿಸಬಹುದು. ಹತೋಟಿಯಲ್ಲಿ ಇಡೋಕೆ ಅಂದರೆ, ಎಷ್ಟು ಕಷ್ಟಕ್ಕೆ ಎಷ್ಟು ದಿನ ಅಂತ ಚೌಕಾಶಿ ಮಾಡಬೇಕಾಗುತ್ತದೆ. ನಾನು ಮಾಡಿದೆ.

"ನನ್ನ ಕಾಲು ಇದಕ್ಕಿಂತ ಕೆಡಬಾರದು" ಅಂದೆ. ಅದನ್ನ ಅವರು ಗಂಭೀರವಾಗಿ ತಗೊಂಡರು. ಕಾರ್ಬೋಪ್ಲಾಟಿನ್ ಕೊನೆಯ ಡೋಸ್ ಆಗಿ ಆರು ತಿಂಗಳ ನಂತರ ಕಾಯಿಲೆ ವಾಪಸ್ ಬಂದರೆ ಅದೇ ಔಷಧಿ ಇನ್ನೊಮ್ಮೆ ಕೆಲಸ ಮಾಡುವ ಸಂಭವ ಚೆನ್ನಾಗಿದೆ, ಮಧ್ಯದ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು ಅಂದರು. ಮೊದಲನೇ ಕೀಮೋ ದಂಡವಾಯಿತಾ ಅಂತ ಕೇಳಿದ್ದೆನಲ್ಲ, ಅದಕ್ಕೂ ಇದರಲ್ಲೇ ಉತ್ತರ ಸಿಕ್ಕಿತು. ಕಾರ್ಬೋಪ್ಲಾಟಿನ್ ಉಳಿಸಿಕೊಂಡು, ನರಕ್ಕೆ ಹೊಡೆದ ಪ್ಯಾಕ್ಲಿಟ್ಯಾಕ್ಸೆಲ್ ಬದಲು ಲೈಪೋಸೋಮಲ್ ಡಾಕ್ಸೋರುಬಿಸಿನ್ ಕೊಡೋಣ ಅಂದರು. ನಾಲ್ಕು ವಾರಕ್ಕೊಮ್ಮೆ. ಕೂದಲು ಪೂರ್ತಿ ಉದುರೋದು ಕಡಿಮೆ, ನರದ ತೊಂದರೆಯೂ ಕಡಿಮೆ. ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯಬಹುದು, ಬಿಸಿನೀರು ತಾಗಿಸಬಾರದು, ಬಿಗಿ ಚಪ್ಪಲಿ ಹಾಕಬಾರದು. ಶುರು ಮಾಡೋ ಮುಂಚೆ ಹೃದಯದ ಎಕೋ ಕೂಡ ಮಾಡಿಸಿದರು.

ಡೇ ಕೇರ್ ವಾರ್ಡಿನ ಬಾಗಿಲು ತೆಗೆದಾಗ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ಔಷಧಿ ಇನ್ನೂ ಮೈಗೆ ಹೋಗಿಲ್ಲ, ಅಷ್ಟಕ್ಕೇ ವಾಂತಿ ಬಂತು. ಇದು ನನ್ನ ಮನಸ್ಸಿನ ದೌರ್ಬಲ್ಯ ಅಂದುಕೊಂಡಿದ್ದೆ. ಹಾಗಲ್ಲವಂತೆ, ಹಿಂದಿನ ಕೀಮೋ ಕಷ್ಟವಾಗಿದ್ದವರಿಗೆ ಇದು ಆಗೋದುಂಟು. ಹಿಂದಿನ ರಾತ್ರಿಗೆ ಒಂದು ಚಿಕ್ಕ ಮಾತ್ರೆ ಬರೆದುಕೊಟ್ಟರು, ಮುಂದಿನ ಸಲ ಅಷ್ಟು ಕಾಡಲಿಲ್ಲ. ಹೇಳಿಕೊಂಡರೆ ಔಷಧಿ ಇದೆ, ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ.

ಎರಡನೇ ಸೈಕಲ್ಲಿನಲ್ಲಿ ಒಂದು ಗಂಡಾಂತರ ಆಯಿತು. ಕಾರ್ಬೋಪ್ಲಾಟಿನ್ ಬಾಟಲಿ ಮುಕ್ಕಾಲು ಖಾಲಿಯಾಗಿತ್ತು. ನಾನು ಮಗಳ ಹತ್ತಿರ ಏನೋ ಹರಟುತ್ತಾ ಎಡಗೈಯನ್ನ ಮಂಚದ ಕಂಬಿಗೆ ಉಜ್ಜುತ್ತಿದ್ದೆ. ಪಕ್ಕದ ಬೆಡ್ಡಿನ ಹತ್ತಿರ ಇದ್ದ ಸಿಸ್ಟರ್ ಅಲ್ಲಿಂದಲೇ ಕೂಗಿದರು, "ಅಕ್ಕಾ, ಅಂಗೈ ತುರಿಸ್ತಾ ಇದ್ಯಾ?" ಹೌದು ಅನ್ನೋ ಅಷ್ಟರಲ್ಲಿ ಅವರು ಓಡಿ ಬಂದು ಡ್ರಿಪ್ ನಿಲ್ಲಿಸಿಯಾಗಿತ್ತು. ಮುಂದಿನ ನಿಮಿಷದಲ್ಲಿ ಮುಖ ಕಾದ ಹೆಂಚಾಯಿತು, ಎದೆ ಬಿಗಿಯಿತು, ಉಸಿರು ಸಿಗಲಿಲ್ಲ. ಆಕ್ಸಿಜನ್, ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಅರ್ಧ ಗಂಟೆಯಲ್ಲಿ ಸರಿಹೋದೆ. ಮಗಳ ಕೈನಡುಕ ಸಂಜೆಯವರೆಗೂ ನಿಲ್ಲಲಿಲ್ಲ.

ಕಾರ್ಬೋಪ್ಲಾಟಿನ್ ಅಲರ್ಜಿ ಮೊದಲ ಡೋಸಿಗೆ ಬರೋದು ಅಪರೂಪ. ಮೈ ಅದನ್ನ ಗುರುತು ಹಿಡಿಯೋಕೆ ಸಮಯ ಬೇಕು, ಹಾಗಾಗಿ ಹಳೆಯದು ಹೊಸದು ಸೇರಿ ಏಳೆಂಟು ಡೋಸ್ ಆದ ಮೇಲೆ ಅಪಾಯ ಜಾಸ್ತಿ. ಅಂಗೈ ತುರಿಕೆ ಅದರ ಮೊದಲ ಸುಳಿವು. ಆ ಸಿಸ್ಟರ್‌ಗೆ ಅದು ಗೊತ್ತಿತ್ತು. ಎರಡನೇ ಸುತ್ತಿಗೆ ಹೋಗುವವರು ಯಾರೇ ಸಿಕ್ಕರೂ ನಾನು ಈ ಒಂದು ವಿಷಯ ಹೇಳಿಯೇ ಕಳಿಸೋದು.

ಅಲ್ಲಿಗೆ ಆ ಔಷಧಿ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಮುಂದಿನ ಸಲದಿಂದ ಹೆಚ್ಚು ನಿಗಾ ಇರುವ ವಾರ್ಡಿನಲ್ಲಿ ಮಲಗಿಸಿ ಮೂರು ಬ್ಯಾಗಿನಲ್ಲಿ ಕೊಟ್ಟರು. ಮೊದಲ ಬ್ಯಾಗಿನಲ್ಲಿ ನೂರು ಪಟ್ಟು ತೆಳು, ಎರಡನೆಯದರಲ್ಲಿ ಹತ್ತು ಪಟ್ಟು, ಕೊನೆಯದು ಪೂರ್ತಿ. ಹನಿಯ ವೇಗವನ್ನ ಕಾಲು ಗಂಟೆಗೊಮ್ಮೆ ಏರಿಸುತ್ತಾ ಹೋಗುತ್ತಾರೆ. ಮೈಯನ್ನ ಪುಸಲಾಯಿಸಿ ಒಪ್ಪಿಸೋ ಕೆಲಸ. ಇಡೀ ದಿನ ಹಿಡಿಯಿತು, ಆದರೆ ತುರಿಕೆ ಬರಲಿಲ್ಲ.

ಇದರ ನಡುವೆ, ನೋವು ಮತ್ತು ಬೇರೆ ತೊಂದರೆಗಳನ್ನ ತಗ್ಗಿಸೋ ಪ್ಯಾಲಿಯೇಟಿವ್ ವಿಭಾಗಕ್ಕೆ ಒಂದು ಸಲ ಹೋಗಿ ಬನ್ನಿ ಅಂದಾಗ ಎದೆ ಧಸಕ್ ಅಂದಿತು. ಅದು ಕೊನೆಗಾಲದವರಿಗೆ ಅಂತಲೇ ನಮ್ಮ ಮನೆಯಲ್ಲಿ ಎಲ್ಲರ ತಿಳುವಳಿಕೆ. ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡೆ. ಕೊನೆಗೆ ಹೋದರೆ, ಅಲ್ಲಿನ ಡಾಕ್ಟರ್ ಮುಕ್ಕಾಲು ಗಂಟೆ ಕೂರಿಸಿಕೊಂಡು ನಿದ್ದೆ, ಮಲಬದ್ಧತೆ, ಕಾಲು ಉರಿ ಬಗ್ಗೆ ಕೇಳಿದರು. ಸಾವಿನ ಸುದ್ದಿಯೇ ಎತ್ತಲಿಲ್ಲ. ಕೀಮೋದಿಂದ ಬಂದ ನರದ ನೋವಿಗೆ ಪ್ರಯೋಜನ ಇದೆ ಅಂತ ಸಾಬೀತಾದ ಮಾತ್ರೆ ಡುಲಾಕ್ಸಿಟಿನ್. ಅದನ್ನ ಕೊಟ್ಟರು. ಜೋಮು ಹೋಗಲಿಲ್ಲ, ರಾತ್ರಿಯ ಉರಿ ಮಾತ್ರ ಅರ್ಧಕ್ಕಿಂತ ಕಡಿಮೆ ಆಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ಒಂದು ಅಧ್ಯಯನ ಆಗಿದೆ, ಅದೂ 2010ರಲ್ಲೇ ಪ್ರಕಟವಾದದ್ದು. ಶುರುವಿನಿಂದಲೇ ಪ್ಯಾಲಿಯೇಟಿವ್ ಡಾಕ್ಟರನ್ನೂ ಕಂಡವರಲ್ಲಿ ಖಿನ್ನತೆ ಕಡಿಮೆ ಇತ್ತು, ಅವರು ಎರಡು ಮೂರು ತಿಂಗಳು ಹೆಚ್ಚು ಬದುಕಿದ್ದೂ ಕಂಡುಬಂತು. ನನ್ನ ಕ್ಯಾನ್ಸರ್ ಬೇರೆ, ಆ ಲೆಕ್ಕ ನನಗೆ ಹೊಂದುತ್ತೆ ಅಂತ ಅಲ್ಲ. ಆದರೆ ಮೊದಲನೇ ಸಲವೇ ಅಲ್ಲಿಗೆ ಕಳಿಸಬಹುದಿತ್ತಲ್ಲ ಅನ್ನೋ ಬೇಜಾರು ಇದೆ.

ಬೇಜಾರು ಇರುವ ಇನ್ನೊಂದು ವಿಷಯ ಜೀನ್ ಪರೀಕ್ಷೆ. ಮೊದಲನೇ ಸಲ ಅದರ ಸುದ್ದಿಯೇ ಬಂದಿರಲಿಲ್ಲ. ಈ ಸಲ ಮಾಡಿಸಿದಾಗ ಬಿಆರ್‌ಸಿಎ-1 ಜೀನಿನಲ್ಲಿ ದೋಷ ಸಿಕ್ಕಿತು. ನನಗೆ ಇದರಿಂದ ಲಾಭವೇ ಆಯಿತು. ಈ ದೋಷ ಇರುವವರಿಗೆ ಕೀಮೋ ನಂತರ ಒಲಾಪರಿಬ್ ಅನ್ನೋ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದು ನನ್ನೊಬ್ಬಳ ಸಮಾಚಾರ ಆಗಿ ಉಳಿಯಲಿಲ್ಲ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಅರ್ಧಕ್ಕರ್ಧ ಸಂಭವ. ಸಾಮಾನ್ಯವಾಗಿ ನೂರು ಹೆಂಗಸರಲ್ಲಿ ಒಬ್ಬಿಬ್ಬರಿಗೆ ಬರುವ ಅಂಡಾಶಯದ ಕ್ಯಾನ್ಸರ್, ಈ ದೋಷ ಇದ್ದರೆ ಜೀವಮಾನದಲ್ಲಿ 40 ಜನರ ಆಸುಪಾಸಿಗೆ ಬರುತ್ತದೆ. ಸ್ತನದ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ.

ನನಗೆ ಕ್ಯಾನ್ಸರ್ ವಾಪಸ್ ಬಂದಿದೆ ಅಂತ ತಂಗಿಗೆ ಹೇಳೋದು ಸುಲಭ ಇತ್ತು. ಇದನ್ನ ಹೇಳೋದಕ್ಕೆ ವಾರಗಟ್ಟಲೆ ಫೋನ್ ಎತ್ತಿ ಇಟ್ಟೆ. ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ನೀನು ಸಾರಿ ಕೇಳೋ ಧಾಟಿಯಲ್ಲಿ ಮಾತಾಡಬೇಡ" ಅಂದಳು. ಪರೀಕ್ಷೆ ಮಾಡಿಸಿದಳು, ಅವಳಿಗೂ ಇತ್ತು. ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸಿಕೊಂಡಳು. ಒಮ್ಮೆಲೇ ಮುಟ್ಟು ನಿಂತು ಮೈ ಬಿಸಿಯೇರುವ ತೊಂದರೆ ಅವಳಿಗೆ ಈಗಲೂ ಇದೆ. ಮಗಳು ಇನ್ನೂ ಪರೀಕ್ಷೆ ಮಾಡಿಸಿಲ್ಲ. ಕೌನ್ಸೆಲರ್ ಜೊತೆ ಮಾತಾಡಿ ಬಂದಿದ್ದಾಳೆ, ಸಮಯ ಬೇಕು ಅಂದಿದ್ದಾಳೆ. ನಾನು ಕೇಳೋದು ಬಿಟ್ಟಿದ್ದೇನೆ. ಕಷ್ಟಪಟ್ಟು ಬಿಟ್ಟಿದ್ದೇನೆ.

ಈಗ ಒಲಾಪರಿಬ್ ಮಾತ್ರೆಯ ಮೇಲಿದ್ದೇನೆ. ಶುರುವಿನಲ್ಲಿ 300 ಮಿಲಿಗ್ರಾಂ, ಬೆಳಿಗ್ಗೆ ಸಂಜೆ. ಹಿಮೋಗ್ಲೋಬಿನ್ ಬಿದ್ದು ಮೆಟ್ಟಿಲು ಹತ್ತೋಕಾಗದೆ ಒಂದು ಸಲ ರಕ್ತ ಏರಿಸಬೇಕಾಯಿತು, ಆಮೇಲೆ 250ಕ್ಕೆ ಇಳಿಸಿದರು. ಬಾಯಿ ರುಚಿ ಅಷ್ಟಕ್ಕಷ್ಟೇ. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಚುಕ್ಕೆಗಳು ಕುಗ್ಗಿವೆ, ಪೂರ್ತಿ ಹೋಗಿಲ್ಲ. ಮುಂದೆ ಮತ್ತೆ ಬೆಳೆದರೆ ಏನು ಅಂತ ಡಾಕ್ಟರ್ ಹತ್ತಿರ ಮಾತಾಡಿಟ್ಟಿದ್ದೇನೆ. ಯಾವ ಹಂತದಲ್ಲಿ ಸಾಕು ಅನ್ನುತ್ತೇನೆ ಅಂತಲೂ ಯಜಮಾನರಿಗೆ ಹೇಳಿದ್ದೇನೆ. ಅವರು ಆ ದಿನ ಮಾತು ಮುಗಿಯೋ ಮೊದಲೇ ಎದ್ದು ಹೋದರು, ಮರುದಿನ ತಾವೇ ಬಂದು ಕೂತು, ಎಲ್ಲಿ ನಿಲ್ಲಿಸಿದ್ದೆ ಹೇಳು ಅಂದರು.

ಮುಂದಿನ ಸ್ಕ್ಯಾನ್ ಬುಕ್ ಆಗಿದೆ. ರಿಪೋರ್ಟ್ ಡಾಕ್ಟರಿಗಿಂತ ಮೊದಲೇ ಫೋನಿಗೆ ಬಂದುಬಿಡುತ್ತೆ, ರಾತ್ರಿ ಒಂದು ಗಂಟೆಗೆ ಅದನ್ನ ತೆರೆದು ಪದ ಪದ ಹುಡುಕಿಕೊಂಡು ಕೂರೋದು ನನ್ನ ಚಟ. ಈ ಸಲ ಡಾಕ್ಟರ್ ಎದುರಿಗೇ ನೋಡೋಣ ಅಂತ ಪಾಸ್‌ವರ್ಡನ್ನ ಯಜಮಾನರ ಕೈಲಿ ಬದಲಾಯಿಸಿಸಿದೆ. ಬರೆದಿಟ್ಟುಕೊಳ್ಳಿ ಅಂತಾನೂ ಹೇಳಿದ್ದೆ. ಬರೆದಿಟ್ಟ ಚೀಟಿ ಎಲ್ಲಿ ಹೋಯಿತು ಅಂತ ನಿನ್ನೆಯಿಂದ ಹುಡುಕುತ್ತಿದ್ದಾರೆ.